ನಲವತ್ತಾರು ಹೆಬ್ಬೆಟ್ಟುಗಳು

ಸಂಶೋಧನಾ ನೈತಿಕತಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ಹೃದಯ ಕೆಡಿಸುವ ಕಾಯಿಲೆಯಿರುವ ನಮ್ಮ ಕಣಿವೆಯ ನಲವತ್ತಾರು ರೋಗಿಗಳು ನಿಮ್ಮ ಸಮಿತಿ ಒಪ್ಪಿದ ಅಧ್ಯಯನಕ್ಕಾಗಿ ಎರಡು ತಿಂಗಳು ಗುಳಿಗೆ ನುಂಗಿದರು. ಅವರಲ್ಲಿ ಯಾರಿಗೆ ಸಿಕ್ಕಿದ್ದು ಔಷಧ, ಯಾರಿಗೆ ಸಿಕ್ಕಿದ್ದು ಬರೀ ಹಿಟ್ಟು ಎಂಬ ಪಟ್ಟಿ ಮೂರು ವರ್ಷಗಳಿಂದ ಕೊಚಬಾಂಬಾ ನಗರದ ನಿಮ್ಮ ಕಚೇರಿಯ ಬೀರುವಿನಲ್ಲಿದೆ. ಕೇಳಿದಾಗಲೆಲ್ಲ ಒಂದೇ ಉತ್ತರ: ವಿದೇಶದಲ್ಲಿ ಪ್ರಬಂಧ ಅಚ್ಚಾಗುವವರೆಗೆ ತೆರೆಯುವಂತಿಲ್ಲ. ಅಲ್ಲಿಯವರೆಗೆ ತಡೆದುಕೊಳ್ಳಿ ಎಂದು ನಮ್ಮ ಹೃದಯಗಳಿಗೂ ಒಂದು ಸುತ್ತೋಲೆ ಕಳಿಸುತ್ತೀರಾ?

ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ. ರೋಗಿಗಳ ಸಂಘದ ಅಧ್ಯಕ್ಷೆಯಾಗಿ, 'ಸಮುದಾಯದ ಪ್ರತಿನಿಧಿ' ಎಂಬ ಹಲಗೆ ಮುಂದಿಟ್ಟುಕೊಂಡು ನಿಮ್ಮ ಮೇಜಿನ ತುದಿಯಲ್ಲಿ ಕೂತಿದ್ದವಳು ನಾನೇ. ಆ ಹಲಗೆಯನ್ನು ಮನೆಗೆ ತಂದು ನೆಂಟರಿಗೆಲ್ಲ ತೋರಿಸಿದ್ದೆ. ನೆನೆದರೆ ಈಗ ಮೈಯೆಲ್ಲ ಹಿಡಿಯಾಗುತ್ತದೆ.

ಅಧ್ಯಯನದ ವೈದ್ಯರು ಮೊದಲ ದಿನ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮಾ, ಎಷ್ಟು ಮಕ್ಕಳ ಮೊದಲ ಕೂದಲು ಕತ್ತರಿಸಿದ್ದೀರಿ?" "ಇಪ್ಪತ್ಮೂರು" ಎಂದು ಬೀಗಿದೆ. ಅವರು ಬರೆದುಕೊಂಡರು. ನಮ್ಮಲ್ಲಿ ಮಗುವಿನ ಮೊದಲ ಕೂದಲು ಕತ್ತರಿಸಿದವಳು ಆ ಮನೆಗೆ ಕೊಮಾದ್ರೆ, ಅಂದರೆ ಮಗುವಿಗೆ ಇನ್ನೊಬ್ಬ ತಾಯಿ. ಕೊಮಾದ್ರೆ ಕೇಳಿದ್ದಕ್ಕೆ ಇಲ್ಲ ಅನ್ನುವವರು ಈ ಕಣಿವೆಯಲ್ಲಿ ಹುಟ್ಟಿಲ್ಲ. ವೈದ್ಯರಿಗೆ ಅದು ಗೊತ್ತಿತ್ತು. ನನಗೆ ಗೊತ್ತಿರಲಿಲ್ಲವೇ?

ಒಪ್ಪಿಗೆ ತರಲು ಅವರು ನನ್ನನ್ನೇ ಮನೆಮನೆಗೆ ಕಳಿಸಿದರು. ನಾನು ಕೂದಲು ಕತ್ತರಿಸಿದ ಮಗುವೊಂದರ ತಾಯಿ ಸೆವೆರಿನಾ ಅಂಗಳದಲ್ಲಿ ಮೆಕ್ಕೆಜೋಳ ಬೇಯಿಸುತ್ತಿದ್ದಳು. ಗೋಡೆ ಬಿರುಕಿನ ತಿಗಣೆ ಚಿಕ್ಕಂದಿನಲ್ಲೇ ತಂದಿಟ್ಟ ಕಾಯಿಲೆ ಅವಳ ಎದೆಯಲ್ಲಿ ಆಗಷ್ಟೇ ಸದ್ದು ಮಾಡತೊಡಗಿತ್ತು. ನಾನು ಹನ್ನೊಂದು ಪುಟದ ಒಪ್ಪಿಗೆ ಪತ್ರ ಬಿಚ್ಚಿದೆ.

"ಓದೋದೆಲ್ಲ ಯಾಕೆ ಕೊಮಾದ್ರೆ? ನೀವು ಬಂದಿದ್ದೀರಲ್ಲ, ಸಾಕು. ಬೆರಳು ಎಲ್ಲಿ ಒತ್ತಲಿ ಹೇಳಿ. ಜೋಳ ಆರಿ ಹೋಗತ್ತೆ, ತಿನ್ನಿ ಮೊದ್ಲು."

ಹೋಲಿಸಿ ನೋಡಲು ಅರ್ಧ ಜನರಿಗೆ ಹಿಟ್ಟಿನ ಗುಳಿಗೆ ಎಂದು ಒಂಬತ್ತನೇ ಪುಟದಲ್ಲಿತ್ತು. ನಾನು ಒಂಬತ್ತನೇ ಪುಟಕ್ಕೆ ಹೋಗಲೇ ಇಲ್ಲ. ಬಿಸಿ ಜೋಳ ತಿಂದೆ. ಮೇಲಿಂದ, "ಆರೋಗ್ಯ ಕೇಂದ್ರದವರು ಗುಳಿಗೆ ಕೊಟ್ರೆ ಬೇಡ ಅನ್ನು, ಇದೇ ಒಳ್ಳೇದು" ಎಂದೆ. ಹೀಗೇ ಆ ಇಪ್ಪತ್ಮೂರು ಮನೆಗಳಲ್ಲಿ ನಲವತ್ತಾರು ಹೆಬ್ಬೆಟ್ಟು. ಒಬ್ಬರೂ ಒಲ್ಲೆ ಅನ್ನಲಿಲ್ಲವೆಂದು ನಿಮ್ಮ ಸಭೆ ಚಪ್ಪಾಳೆ ತಟ್ಟಿತು. ಯಾರೂ ಒಲ್ಲೆ ಅನ್ನದಿದ್ದಾಗ ಅನುಮಾನ ಬರಬೇಕಾದದ್ದು ನೈತಿಕತಾ ಸಮಿತಿಗಲ್ಲವೇ? ಮೂತ್ರಪಿಂಡ ಕೇಳಿ ಎಂದು ಕಳಿಸಿದ್ದರೂ ನಾನು ತಂದುಕೊಡುತ್ತಿದ್ದೆನೇನೋ.

ಈಗ ಸೆವೆರಿನಾಳ ಹೃದಯ ಊದಿಕೊಂಡಿದೆ. ಬಾವಿಯಿಂದ ಮನೆಗೆ ಬರುವಷ್ಟರಲ್ಲಿ ಮೂರು ಸಲ ಕೂರುತ್ತಾಳೆ. ಅವಳು ಔಷಧವನ್ನೇ ತಿಂದಿದ್ದರೆ ಮತ್ತೆ ಕೊಟ್ಟು ಫಲವಿಲ್ಲವಂತೆ. ತಿಂದದ್ದು ಹಿಟ್ಟಾಗಿದ್ದರೆ ಈಗಲೂ ಕೊಟ್ಟು ನೋಡಬಹುದಂತೆ. ತಡವಾದಷ್ಟೂ ಕಷ್ಟ ಎಂದು ಆರೋಗ್ಯ ಕೇಂದ್ರದ ವೈದ್ಯೆ ಹೇಳುತ್ತಾರೆ.

"ನಾನು ತಿಂದಿದ್ದು ಏನು ಕೊಮಾದ್ರೆ?" ಎಂದು ಅವಳು ಕೇಳಿದಳು.

"ಗೊತ್ತಿಲ್ಲ ಕಣೆ. ನಂಗೂ ಹೇಳಿಲ್ಲ."

"ಅಯ್ಯೋ ಪಾಪ, ನಿಮಗೂ ಹೇಳ್ಲಿಲ್ವಾ?" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹೋದ ವಾರ ನಿಮ್ಮ ಆಹ್ವಾನ ಬಂತು. ಪಕ್ಕದ ಕಣಿವೆಯಲ್ಲಿ ಹೊಸ ಅಧ್ಯಯನ, ನನ್ನ 'ಅಮೂಲ್ಯ ಸಹಕಾರ' ಬೇಕಂತೆ. ಅದನ್ನು ಓದಿ ನಾನೊಂದು ಹೇಸಿಗೆ ಕೆಲಸ ಮಾಡಿದೆ. ಏನೂ ಬರೆಯದ ಹಾಳೆಯೊಂದನ್ನು ಹಿಡಿದು ಸೆವೆರಿನಾಳ ಮನೆಗೆ ಹೋಗಿ, ಇಲ್ಲೊಂದು ಹೆಬ್ಬೆಟ್ಟು ಒತ್ತು ಎಂದೆ. ಈ ಸಲವಾದರೂ ಯಾಕೆ ಅಂತ ಕೇಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಈ ವಾರದೊಳಗೆ ಪಟ್ಟಿ ತೆರೆಯಿರಿ. ಅವರವರು ತಿಂದದ್ದೇನೆಂದು ಅವರವರ ಅಂಗಳದಲ್ಲೇ, ಅವರ ಭಾಷೆಯಲ್ಲೇ ತಿಳಿಸಿ. ಹಿಟ್ಟು ತಿಂದವರಿಗೆ ಔಷಧ ಕೊಡಿ. ತಿಳಿಸುವವರು ಯಾರ ಮನೆಯ ಕೊಮಾದ್ರೆಯೂ ಆಗಿರದಿರಲಿ. ಹೊಸ ಅಧ್ಯಯನಕ್ಕೆ ನಾನು ಬರುವುದಿಲ್ಲ, ಹಲಗೆಯನ್ನು ಹಿಂದಿರುಗಿಸಿದ್ದೇನೆ. ಜೊತೆಗೆ ಆ ಖಾಲಿ ಹಾಳೆಯನ್ನೂ ಇಟ್ಟಿದ್ದೇನೆ. ಕೆಳಗೆ ಬಲಗಡೆ ನೋಡಿ. ಅವಳು ಏನೂ ಕೇಳದೆ ಒತ್ತಿದಳು.

ಇಂತಿ,
ಒಂಬತ್ತನೇ ಪುಟ ಓದಿ ಹೇಳದ,
ಬೆನಿಗ್ನಾ