ಬೊಮ್ಮಕ್ಕನ ಮನೆಯ ಮೂರು ಆನೆ

ಹೊಳಲ್ಕೆರೆ, ಫೆಬ್ರವರಿ ೨, ೧೯೦೯

ಬೆಳಗ್ಗೆ ಎಂದಿನಂತೆ ಮಕ್ಕಳಿಗೆ ಮಗ್ಗಿ. ಮಧ್ಯಾಹ್ನ ಇತಿಹಾಸ ಸಂಶೋಧನೆ. ಹಳೆಯ ಕಟ್ಟಡಗಳ ಪಟ್ಟಿ ಕಳಿಸಲು ಸರ್ಕಾರದ ಆರ್ಡರು ಬಂದಂದಿನಿಂದ ನಾನು ಬರೀ ಮೇಷ್ಟ್ರಲ್ಲ — ವಿದ್ವಾಂಸ. ಹೆಂಡತಿಗೆ ಇನ್ನೂ ಮನವರಿಕೆಯಾಗಿಲ್ಲ.

ಹಳೇ ಕೋಟೆಬಾಗಿಲ ಮಂಟಪ ನೋಡಿದೆ. ಸುತ್ತ ಮಣ್ಣಿನ ಗೋಡೆ ಎತ್ತಿ ಬೊಮ್ಮಕ್ಕ ವಾಸವಾಗಿದ್ದಾಳೆ. ಪಾಳೆಯಗಾರರ ಕಾಲದಲ್ಲಿ ಅವಳ ಹಿರೀಕರು ಬಾಗಿಲು ಕಾಯುತ್ತಿದ್ದರಂತೆ. ಬಾಗಿಲು ಹೋಗಿ ಎಷ್ಟೋ ಕಾಲ. ಕಾವಲು ಮಾತ್ರ ಬಿಟ್ಟಿಲ್ಲ.

ಫೆಬ್ರವರಿ ೫

ಯುಗಾದಿಗೊಂದು ಪದರದಂತೆ ಸುಣ್ಣ ಕುಡಿದು ಮಂಟಪದ ಕಲ್ಲುಕಂಬದ ಬುಡ ಕುಂಬಳಕಾಯಿಯಾಗಿದೆ. ಕುಡುಗೋಲಿನ ತುದಿಯಿಂದ ಕೆರೆದೆ. ಕಲ್ಲಲ್ಲಿ ಕೆತ್ತಿದ ಸೊಂಡಿಲು ಬಂತು. ಸಂಜೆಯೊಳಗೆ ಮೂರು ಆನೆ. ನಲವತ್ತು ವರ್ಷ ಅದೇ ಕಂಬಕ್ಕೊರಗಿ ರಾಗಿ ಬೀಸಿದ ಬೊಮ್ಮಕ್ಕ ಬೆರಳಿಂದ ಮುಟ್ಟಿ ನೋಡಿದಳು. ನನಗೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಡಿಸಿದಳು.

ಫೆಬ್ರವರಿ ೬

ರಿಪೋರ್ಟು ಕಳಿಸಿದೆ. ‘ಅಪೂರ್ವ’, ‘ಅದ್ವಿತೀಯ’, ‘ಅಮೋಘ’… ಅಕಾರ ಮುಗಿದದ್ದರಿಂದ ನಿಲ್ಲಿಸಿದೆ.

ಮಾರ್ಚ್ ೧೧

ಜವಾಬು. ಕಟ್ಟಡ ಇಷ್ಟು ಅಪೂರ್ವವಾದ್ದರಿಂದ ಅದರಲ್ಲಿ ಯಾರೂ ವಾಸಿಸಕೂಡದು. ಹದಿನಾರಕ್ಕೆ ಸಾಹೇಬರು ಬರುತ್ತಾರೆ. ಆನೆ ಕಂಡರೆ ಅಂದೇ ಮನೆ ಖಾಲಿ. ಕೊನೆಯಲ್ಲಿ ನನಗೊಂದು ಶಹಬಾಸ್.

ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ನಾನು ಎಣಿಸಿ, ನಕಲು ತೆಗೆದು, ಟಪಾಲಿಗೂ ಹಾಕಿದ್ದೇನೆ.

ಮಾರ್ಚ್ ೧೩

ಎರಡು ದಿನ ಆ ಬೀದಿಗೇ ಹೋಗಲಿಲ್ಲ. ಇವತ್ತು ಹೋಗಿ ಬೊಮ್ಮಕ್ಕನಿಗೆ ಹೇಳಿದೆ. ಮಂಟಪ ಹಳೆಯದಲ್ಲ, ನನ್ನದೇ ತಪ್ಪು ಎಂದು ಬರೆದುಬಿಡುತ್ತೇನೆ ಅಂದೆ. ಬೀಸುವ ಕಲ್ಲು ನಿಂತಿತು.

“ನಿನ್ನೆ ಮೊನ್ನೇದು ಅಂತ ಬರೀತೀರಾ ಮೇಷ್ಟ್ರೇ? ಹಂಗಾರೆ ನಮ್ಮ ಮುತ್ತಾತ ಏನು ಬಯಲು ಕಾದ್ನಾ?”

ಹಾಗಾದರೆ ಮನೆ ಬಿಡಬೇಕಾಗುತ್ತದೆ ಅಂದೆ.

“ಅದೂ ಬಿಡಾಕಿಲ್ಲ. ಓದಿದೋರು ನೀವು, ದಾರಿ ನೋಡ್ರಿ.”

ನೋಡಿದೆ. ಅತ್ತ ಸರ್ಕಾರ, ಇತ್ತ ಬೊಮ್ಮಕ್ಕ. ಆ ಆನೆಗಳಾದರೂ ಸುಣ್ಣದಿಂದ ಹೊರಬಂದವು. ನಾನು ಇವರಿಬ್ಬರ ನಡುವೆ ಸಿಕ್ಕಿ ಒಳಗೇ ಉಳಿದೆ.

ಮಾರ್ಚ್ ೧೫

ದಾರಿ ಅವಳೇ ಕಂಡಳು. ಸುಣ್ಣಕ್ಕೆ ಮಣ್ಣು ಕಲಸಿ ಗಡಿಗೆ ನನ್ನ ಮುಂದಿಟ್ಟಳು.

“ಯುಗಾದಿ ಬಂತು. ಎಲ್ಲಾರ ಮನೇಗೂ ಸುಣ್ಣ ಬೀಳತೈತೆ. ಕೆರೆದೋರೇ ಮೆತ್ರಿ.”

ಮೆತ್ತಿದೆ. ಎರಡು ಆನೆ ಮುಳುಗಿದವು. ನಾಳೆ ಸಾಹೇಬರ ಲೆಕ್ಕದಲ್ಲಿ ನಾನು ಸುಳ್ಳುಗಾರ. ಕೆಲಸ ಹೋದರೂ ಹೋದೀತು. ಹೆಂಡತಿಗೆ ನನ್ನ ವಿದ್ವತ್ತಿನ ವಿಷಯದಲ್ಲಿ ಮೊದಲಿನಿಂದಲೂ ಅದೇ ಅಭಿಪ್ರಾಯ.

ಮಾರ್ಚ್ ೧೬, ಬೆಳಗ್ಗೆ ಎಂಟು

ಎದ್ದವನೇ ಮೂರನೆಯದನ್ನೂ ಮೆತ್ತಿದೆ. ಅದರ ಕಣ್ಣೊಂದು ಉಳಿದಿತ್ತು. ಮೆತ್ತಹೋದೆ. ಬೊಮ್ಮಕ್ಕ ಕೈ ಹಿಡಿದಳು.

“ಕಣ್ಣಿಗೆ ಬ್ಯಾಡ್ರಿ. ಇಷ್ಟು ದಿನ ಗೊತ್ತಿಲ್ದೆ ಮುಚ್ಚಿದ್ವಿ. ಈಗ ಗೊತ್ತೈತೆ.”

ಅದು ಕಂಡರೆ ಮನೆ ಹೋಗುತ್ತದೆ ಅಂದೆ. ಅವಳು ಎಂದಿನಂತೆ ಕಂಬಕ್ಕೊರಗಿ ಕೂತು ರಾಗಿ ಬೀಸತೊಡಗಿದಳು. ಕಣ್ಣು ಅವಳ ತಲೆಯ ಹಿಂದೆ. ಸರ್ಕಾರಕ್ಕೂ ಕಾಣದ ಜಾಗ.

ಅವಳ ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಎತ್ತಿನ ಗಂಟೆ ಕೇಳಿಸುತ್ತಿದೆ… ಸಾಹೇಬರು ಬಂದರೆ ಊರೆಲ್ಲ ಎದ್ದು ನಿಲ್ಲುವುದು ರೂಢಿ. ಎದ್ದರೆ ಕಣ್ಣು ಕಾಣುತ್ತದೆ, ಏಳಬೇಡ ಎಂದು ಅವಳಿಗೆ ಹೇಳಲಿಲ್ಲ. ಗಾಡಿ ನಿಂತಿತು. ಬೀಸುವ ಕಲ್ಲೂ ನಿಂತಿತು. ಬೊಮ್ಮಕ್ಕ ಸೆರಗು ಸರಿಮಾಡಿಕೊಂಡು —