ದೇವ್ರ ಟ್ರೇ

ಡಿಸೆಂಬರ್ 30, ಸಂಜೆ

ಕೋಕೋಪೀಟ್, ಅಂದ್ರೆ ತೆಂಗಿನ ನಾರಿನ ಪುಡಿ, ನೆನೆಸಿದ್ದು ನಾನು. ಹಿಂಡಿ ಟ್ರೇಗೆ ತುಂಬಿದ್ದು ನಾನು. ಒಂದೊಂದು ಗುಳಿಗೂ ಬೆರಳೂರಿ ತಗ್ಗು ಮಾಡಿದ್ದೂ ನಾನೇ. ಉಗುರಲ್ಲಿ ಇನ್ನೂ ನಾರು. ಯುಗಾದಿಗೆ ಚೆಂಡುಹೂ ಬರ್ಬೇಕು ಅಂದ್ರೆ ಈ ವಾರ ಬೀಜ ಬೀಳ್ಬೇಕು. ಕೆಲಮಂಗಲದ ಸುತ್ತ ಅರ್ಧ ಜನ ಸಸಿ ಒಯ್ಯೋದು ನಮ್ಮ ನೆಟ್ ಹೌಸಿಂದ.

ಅಷ್ಟೆಲ್ಲ ಆದ ಮೇಲೆ ಅಜ್ಜಿ, ಅಂದರೆ ಶ್ರೀಮತಿ ಗೋವಿಂದಮ್ಮ ಮಹಾರಾಣಿಯವರು, ಜಗಲಿ ಮೇಲೆ ಕೂತು ಅಪ್ಪಣೆ ಹೊರಡಿಸಿದರು — ಈ ಸಲ ದೇವ್ರ ಟ್ರೇಗೆ ಬೀಜ ಇಡೋದು ಚಂದ್ರಲೇಖಾ.

ಮುಂದಿನ ತಲೆಮಾರಿನ ಸಂಶೋಧಕರ ಅನುಕೂಲಕ್ಕೆ: ಚಂದ್ರಲೇಖಾ ನಮ್ಮಣ್ಣ ಕುಮಾರೇಶನ ಹೆಂಡತಿ. ಬಂದು ಎರಡು ತಿಂಗಳೂ ತುಂಬಿಲ್ಲ. ದೇವ್ರ ಟ್ರೇ ಅಂದ್ರೆ ಮೊದಲನೇ ಟ್ರೇ. ಕೈಗುಣ ಇರೋ ಹೆಣ್ಣು ಬೆರಳಿಗೆ ಅರಿಶಿನ ಹಚ್ಚಿ, ಮೂಡಲಿಗೆ ಮುಖ ಮಾಡಿ ಬೀಜ ಇಡ್ಬೇಕು. ಅದು ಮೊಳೆತ ಹಾಗೇ ಉಳಿದದ್ದೂ ಮೊಳೆಯೋದು. ಹೈಸ್ಕೂಲ್ ಮುಗಿದಾಗಿಂದ ಆ ಕೈ ನಂದು.

ನನ್ನ ಕೈಗೆ ಏನಾಗಿದೆ ಅಂತ ಕೇಳಿದೆ.

"ನೀನು ಇವತ್ತಲ್ಲ ನಾಳೆ ಇನ್ನೊಬ್ಬರ ಮನೆ ದೀಪ ಹಚ್ಚೋಳು ಕಣೆ ಸುಧಾ. ಈ ಮನೇಲಿ ಉಳ್ಯೋಳ ಕೈ ಪಳಗಲಿ."

ಹಾಗಾದ್ರೆ ನಾನೇನು, ಬಾಡಿಗೆಗಿದೀನಾ?

ಈ ಮೂಲಕ ಸಕಲರಿಗೂ ತಿಳಿಯಪಡಿಸುವುದೇನೆಂದರೆ — ಯುದ್ಧ.

ಡಿಸೆಂಬರ್ 31

ಬೆಳಿಗ್ಗೆ ಮೊದಲ ದಾಳಿ. ಅತ್ತಿಗೆ ಕಾಫಿಗೆ ಉಪ್ಪು. ಶತ್ರು ಒಂದು ಗುಟುಕು ಕುಡಿದಳು, ನನ್ನ ಮುಖ ನೋಡಿದಳು, ಲೋಟ ಖಾಲಿ ಮಾಡಿದಳು. ಆಮೇಲೆ ಇನ್ನರ್ಧ ಲೋಟ ಇದೆಯಾ ಅಂತ ಕೇಳಿದಳು. ಸಾಮಾನ್ಯ ಪ್ರಾಣಿ ಅಲ್ಲ ಇದು.

ಮಧ್ಯಾಹ್ನ ಅಜ್ಜಿ ದೇವ್ರ ಟ್ರೇ ಬೀಜಾನ ಅರಿಶಿನದ ಬಟ್ಟೇಲಿ ಕಟ್ಟಿ ದೇವರ ಗೂಡಲ್ಲಿಟ್ಟು ಸ್ನಾನಕ್ಕೆ ಹೋದಳು. ಅಪ್ಪ ಅಮ್ಮ ತೋಟದಲ್ಲಿ. ಅತ್ತಿಗೆ ಹಿತ್ತಲಲ್ಲಿ ಬಟ್ಟೆ ಒಗೀತಿದ್ದಳು. ಒಲೆ ಮೇಲೆ ಶುಂಠಿ ಟೀ ಕಾಸಿದ ಪಾತ್ರೆ. ಅದರಲ್ಲೇ ನೀರು ಕುದಿಸಿ ಬೀಜ ಸುರಿದೆ. ಕಪ್ಪು ಸೂಜಿ ಹಾಗೆ, ತುದಿಗೆ ಬಿಳಿ ಬಾಲ. ಗಿರಗಿರ ಸುತ್ತಿದವು. ಟೀ ಜಾಲರೀಲಿ ಸೋಸಿ, ಮಹಡಿ ತಗಡಿನ ಮೇಲೆ ಒಣಗಿಸಿ, ಮತ್ತೆ ಗಂಟು ಕಟ್ಟಿಟ್ಟೆ. ಗಂಟು ಹಾಕೋದೂ ಅಜ್ಜಿ ಕಲಿಸಿದ್ದೇ.

ಉಳಿದ ಬೀಜ ಮುಟ್ಟಿಲ್ಲ. ನಾನು ದುಷ್ಟಳೇ ಹೊರತು ದಡ್ಡಿ ಅಲ್ಲ.

ಜನವರಿ 1

ಶುಭಮುಹೂರ್ತ. ಶತ್ರುವಿಗೆ ಹೊಸ ಸೀರೆ. ಅಜ್ಜಿ ಅವಳ ಬೆರಳಿಗೆ ಅರಿಶಿನ ಹಚ್ಚಿದಳು — ನನಗೆ ಹಚ್ಚುತ್ತಿದ್ದ ಹಾಗೇ, ಉಗುರಿನ ಬುಡದಿಂದ.

ಅತ್ತಿಗೆ ಗಂಟು ಬಿಚ್ಚಿದಳು. ಒಂದು ಚಿಟಿಕೆ ತಗೊಂಡಳು. ನಿಂತಳು. ಬೆರಳು ಮೂಗಿನ ಹತ್ರ ಹೋಯ್ತು. ಹೊಸಬಳು, ನಡುಕ ಅನ್ಕೊಂಡೆ. ಆಮೇಲೆ ಒಂದೊಂದೇ ಗುಳಿಗೆ ಇಡ್ತಾ ಹೋದಳು, ಕೊನೇತನಕ.

ಉಳಿದ ಟ್ರೇಗೂ ಬೀಜ ಬಿತ್ತು. ಟ್ರೇ ಎಲ್ಲ ಸಾಮಾನು ಕೋಣೇಲಿ ಒಂದರ ಮೇಲೊಂದು. ಮೇಲೆ ಕಪ್ಪು ಟಾರ್ಪಾಲ್. ಚಳಿಗೆ ಹಾಗೆ ಬೆಚ್ಚಗಿದ್ರೇನೇ ಮೊಳಕೆ. ಯಾರೂ ಎತ್ತಿ ನೋಡಬಾರದು ಅಂತ ಅಜ್ಜಿ ಆಜ್ಞೆ. ನಾನು ಪರಮ ವಿಧೇಯಳಾಗಿ ತಲೆ ಆಡಿಸಿದೆ. ನೋಡೋದೇನಿದೆ...

ಜನವರಿ 5

ಟಾರ್ಪಾಲ್ ಎತ್ತಿ ಟ್ರೇಗಳನ್ನ ನೆಟ್ ಹೌಸಿಗೆ ಸಾಗಿಸಿದರು. ಎಲ್ಲಾ ಟ್ರೇಲೂ ಹಸಿರು ಗುಂಡುಸೂಜಿ ಚುಚ್ಚಿದ ಹಾಗೆ. ದೇವ್ರ ಟ್ರೇ ಮಾತ್ರ ಕರ್ರಗೆ.

ಅಜ್ಜಿ ಇನ್ನೆರಡು ದಿನ ನೋಡೋಣ ಅಂದಳು. ಅತ್ತಿಗೆ ನೆಟ್ ಹೌಸಿನ ಕಂಬ ಹಿಡ್ಕೊಂಡು ನಿಂತಿದ್ದಳು. ನಾನು ರಾತ್ರಿ ಎರಡು ಮುದ್ದೆ ಉಂಡೆ.

ಜನವರಿ 8

ತೀರ್ಪು ಬಂತು. ಕೂಗಾಟ ಇಲ್ಲ, ಬೈಗುಳ ಇಲ್ಲ. ಅಜ್ಜಿ ಬರೀ ಒಂದೊಂದೇ ಕೆಲಸ ಕಿತ್ಕೊಂಡಳು. ಮೊಸರಿಗೆ ಹೆಪ್ಪು ಹಾಕೋದು ಬೇಡ. ಸಂಜೆ ದೀಪ ಬೇಡ. ನೆಟ್ ಹೌಸ್ ಒಳಗೆ ಕಾಲಿಡೋದು ಬೇಡ. ಸಸಿ ಬೇಕು ಅಂತ ಹೇಳೋಕೆ ಬಂದ ಪಕ್ಕದೂರಿನ ಚೆಲುವಮ್ಮ ಜಗಲಿ ಮೇಲೆ ಕೂತು, ಆ ಹುಡುಗಿ ಮುಟ್ಟಿದ ಟ್ರೇ ನಮಗೆ ಹಾಕ್ಬೇಡಿ ಅಂದಳು. ಅತ್ತಿಗೆ ಬಾಗಿಲ ಹಿಂದೇನೇ ಇದ್ದಳು. ಚೆಲುವಮ್ಮ ದನಿ ಇಳಿಸಲಿಲ್ಲ.

ಅಣ್ಣ ಸೂಳಗಿರಿ ಫ್ಯಾಕ್ಟರಿಯಿಂದ ನೈಟ್ ಶಿಫ್ಟ್ ಮುಗಿಸಿ ಬಂದ. ಅಜ್ಜಿಗೆ ವಯಸ್ಸಾಗಿದೆ, ಸ್ವಲ್ಪ ದಿನ ಹೊಂದ್ಕೋ ಅಂತ ಹೆಂಡತಿಗೆ ಹೇಳಿ ಮಲಗಿದ. ಮಹಾಶೂರ.

ಬೇರೆ ಟ್ರೇ ತುಂಬಿಸಿ ಅಜ್ಜಿ ನನ್ನ ಬೆರಳಿಗೆ ಅರಿಶಿನ ಹಚ್ಚಿದಳು. ಇಟ್ಟೆ. ಹೀಗೆ ಸಿಂಹಾಸನ ಮರಳಿ ದಕ್ಕಿತು. ಪಟ್ಟಾಭಿಷೇಕಕ್ಕೆ ಯಾರೂ ಬರಲಿಲ್ಲ. ಅಮ್ಮ ಕೂಡ ಒಳಗೇ ಇದ್ದಳು.

ಜನವರಿ 11

ಹೊಸ ಜೋಡಿಗೆ ಮೊದಲ ಸಂಕ್ರಾಂತಿ. ಗಂಡನೂ ಹೆಂಡತಿ ಜತೆ ಅವಳ ತವರಿಗೆ ಹೋಗಿ, ಬಟ್ಟೆ ಉಡುಗೊರೆ ತಗೊಂಡು, ಇಬ್ಬರೂ ವಾಪಸ್ ಬರೋದು ಪದ್ಧತಿ. ಅಜ್ಜಿ ಪದ್ಧತಿ ತಿದ್ದಿದಳು. ಹಬ್ಬದ ಹಿಂದಿನ ದಿನ, ಭೋಗಿಗೆ, ಅತ್ತಿಗೆಯ ತಮ್ಮ ಶಶಿ ಬಂದು ಕರ್ಕೊಂಡು ಹೋಗ್ಲಿ. ಅವಳೊಬ್ಬಳೇ. ಇಲ್ಲಿಂದ ಕರೆದಾಗ ಬಂದ್ರೆ ಸಾಕು. ಯಾವಾಗ ಕರೀತೀರಿ ಅಂತ ಅಣ್ಣ ಕೇಳಲಿಲ್ಲ.

ನಾನು ಕೇಳಿದ್ದು ನನ್ನ ಟ್ರೇ. ಅಷ್ಟೇ.

ಸಂಜೆ ನಲ್ಲಿ ಹತ್ರ ಅತ್ತಿಗೆ ಸಿಕ್ಕಳು. ಕೊಡ ತುಂಬ್ತಾ ಇತ್ತು. ನನ್ನ ಕಡೆ ನೋಡದೇ ಅಂದಳು —

"ಟೀ ಪಾತ್ರೇಲಿ ಕುದಿಸಿದ್ಯಲ್ಲ. ಶುಂಠಿ ವಾಸನೆ ಹೋಗಿರಲಿಲ್ಲ."

ಕಾಲ ಕೆಳಗೆ ನೆಲ ಅಲ್ಲಾಡ್ತು ಅಂತ ಬರೀಬಹುದು. ಬರೀ ಕೆಸರು. ಗೊತ್ತಿದ್ದೂ ಯಾಕೆ ಇಟ್ಟಿರಿ ಅಂತ ಕೇಳಿದೆ.

"ಹೇಳಿದ್ರೆ, ಬಂದು ಎರಡು ತಿಂಗಳು ಆಗಿಲ್ಲ ಆಗ್ಲೇ ನಾದಿನಿ ಮೇಲೆ ಚಾಡಿ ಅನ್ನೋರು. ಹೇಳ್ದಿದ್ರೆ ಕೈ ಸರಿಯಿಲ್ಲ ಅನ್ನೋರು. ಕೈ ವಿಷ್ಯ ಎರಡು ದಿನಕ್ಕೆ ಮರೀತಾರೆ ಅನ್ಕೊಂಡೆ."

ಕೊಡ ಸೊಂಟಕ್ಕೆ ಏರಿಸ್ಕೊಂಡಳು. ಹೋಗ್ತಾ ಹೋಗ್ತಾ —

"ಉಪ್ಪಿನ ಕಾಫಿ ಚೆನ್ನಾಗಿತ್ತು ಸುಧಾ. ಅದಕ್ಕೆ ಉತ್ತರ ಯೋಚಿಸಿಟ್ಟಿದ್ದೆ. ಟೈಮ್ ಸಿಗಲಿಲ್ಲ ನೋಡು."

ಏನು ಉತ್ತರ ಅಂತ ಹೇಳಲೇ ಇಲ್ಲ, ಪಾಪಿ.

ಜನವರಿ 12

ಪರಿಹಾರ ಕಂಡುಹಿಡಿದೆ. ಒಪ್ಪಿಕೊಳ್ಳೋ ಅಗತ್ಯವೇ ಇಲ್ಲದ ಪರಿಹಾರ. ಖಾಲಿ ದೇವ್ರ ಟ್ರೇ ಇನ್ನೂ ಮೂಲೇಲಿದೆ, ಹಬ್ಬ ಕಳೆಯೋತನಕ ಎಸೀಬಾರದಂತೆ. ಅಜ್ಜಿ ಮಧ್ಯಾಹ್ನ ಮಲಗಿದ ಹೊತ್ತಲ್ಲಿ ಹಿಂದಿನ ಸಾಲಿನ ಟ್ರೇಗಳಿಂದ ಪೊರಕೆ ಕಡ್ಡೀಲಿ ಸಸಿ ಎಬ್ಬಿಸಿ, ಅದರ ಗುಳಿಗಳಲ್ಲಿ ಕೂರಿಸಿದೆ. ನೀರು ಚಿಮುಕಿಸಿದೆ. ತಡವಾಗಿ ಮೊಳೆತ ಪವಾಡ.

ಅಜ್ಜೀನ ಕೂಗಿ ಕರೆದೆ. ಬಂದಳು. ಬಗ್ಗಿದಳು. ಒಂದು ಸಸಿ ಕಿತ್ತು ಅಂಗೈ ಮೇಲಿಟ್ಟಳು. ಬೀಜದೆಲೆ ಎರಡರ ನಡುವೆ ಗರಗಸದ ಅಂಚಿನ ಪುಟ್ಟ ಎಲೆ. ಅದು ನನ್ನ ಕಣ್ಣಿಗೆ ಬಿದ್ದಿದ್ದೇ ಆಗ.

"ಹುಟ್ಟೋ ಮಗು ಮೀಸೆ ಬಿಟ್ಕೊಂಡು ಹುಟ್ತದೇನೆ?"

ನನ್ನನ್ನೇ ಹಿಡಿದಳು ಅನ್ಕೊಂಡೆ. ಇಲ್ಲ. ಅಡುಗೆಮನೆ ಕಡೆ ತಿರುಗಿದಳು. ಕೈಯೂ ಸರಿಯಿಲ್ಲ, ನಿಯತ್ತೂ ಇಲ್ಲ, ಹೋಗೋ ಮುಂಚೆ ಮೋಸ ಬೇರೆ ಮಾಡ್ತಾಳೆ, ಇನ್ನು ಕರೆಯೋ ಮಾತೇ ಇಲ್ಲ ಅಂದಳು. ನಾನು ಕೈಲಿದ್ದ ಪೊರಕೆ ಕಡ್ಡೀನ ಬೆನ್ನ ಹಿಂದೆ ಹಿಡಿದೆ. ಒಳಗೆ ಪಾತ್ರೆ ತಿಕ್ಕೋ ಸದ್ದು ನಿಂತೋಯ್ತು. ಆಮೇಲೆ ಮತ್ತೆ ಶುರುವಾಯ್ತು.

ಜನವರಿ 13, ಭೋಗಿ, ಬೆಳಿಗ್ಗೆ

ಬೀದಿ ತುಂಬ ಹಳೇ ಚಾಪೆ ಸುಟ್ಟ ಹೊಗೆ. ಶಶಿ ಬೈಕ್ ಬಂದಿದೆ. ಜಗಲಿ ಮೇಲೆ ಕೂತಿದಾನೆ, ಯಾರೂ ಮಾತಾಡಿಸ್ತಿಲ್ಲ. ಅತ್ತಿಗೆ ಬ್ಯಾಗು ಬಾಗಿಲಲ್ಲಿ. ಮದುವೇಗೆ ತಂದ ಬಟ್ಟೆಯೆಲ್ಲ ತುಂಬಿದಾಳೆ — ಹಬ್ಬಕ್ಕೆ ಹೋಗೋಳ ಬ್ಯಾಗಲ್ಲ ಅದು.

ನನ್ನ ಟ್ರೇ ಮೊಳೆತಿದೆ. ಒಂದು ಗುಳಿಯೂ ತಪ್ಪಿಲ್ಲ. ಅಜ್ಜಿ ಈಗಷ್ಟೇ ಶಶಿಗೆ ಕೇಳಿಸೋ ಹಾಗೆ ಅಂದಳು, ಕೈ ಅಂದ್ರೆ ನಮ್ಮ ಸುಧಾದು.

ಬಾಯಿ ಬಿಟ್ರೆ ಈ ಕೈಗೆ ಇನ್ನು ಬೀಜ ಕೊಡೋರಿಲ್ಲ, ಗೊತ್ತು.

ದಾಖಲೆಗಾಗಿ ಬರೀತಿದೀನಿ: ಅವಳನ್ನ ಕಂಡ್ರೆ ನನಗೆ ಈಗಲೂ ಆಗಲ್ಲ. ನಡೆಯೋ ಧಾಟಿ ಆಗಲ್ಲ, ಆ ತಣ್ಣಗಿನ ಮುಖ ಆಗಲ್ಲ. ಆದ್ರೆ ಉಪ್ಪಿನ ಕಾಫಿಗೆ ಉತ್ತರ ಬಾಕಿ ಇದೆ. ಶತ್ರು ತನ್ನ ಸರದಿ ಆಡದೇ ಹೋದ್ರೆ ಅದು ಯುದ್ಧ ಅಲ್ಲ, ಬರೀ ಹೊಲಸು ಕೆಲಸ.

ಬೈಕ್ ಸ್ಟಾರ್ಟ್ ಮಾಡ್ತಿದಾನೆ. ಟೀ ಪಾತ್ರೆ ಮಡಿಲಲ್ಲಿದೆ. ಅಜ್ಜಿ ಮೂಗಿಗೆ ಹಿಡಿದು, ಮೂಸು ಅಂತೀನಿ. ಶಶಿ ಮುಂದೇನೇ. ಆಮೇಲೆ ಹೇಳೋದು ಬಾಯಿಪಾಠ ಮಾಡಿದೀನಿ — ಅಜ್ಜಿ, ಆ ಬೀಜಾನ ಅತ್ತಿಗೆ ಇಡೋಕೆ ಮುಂಚೆ ನಾನೇ ಇದರಲ್ಲಿ —