ಜಪಾನಿನ ಚಾಕು, ಅವ್ವನ ಈಳಿಗೆಮಣೆ

ಹಿರಿಯೂರು
12-12-1976

ಪ್ರೀತಿಯ ತಮ್ಮ ಜಂಪಣ್ಣನಿಗೆ ಅಕ್ಕನ ಆಶೀರ್ವಾದ.

ಹೇಗಿದ್ದೀಯ? ಹಡಗಿನ ಊಟ ಮೈಗೆ ಹಿಡಿಯಿತೇ, ಆ ಹಳೆಯ ಕೆಮ್ಮು ಬಿಟ್ಟಿತೇ? ನಾವು ಚೆನ್ನಾಗಿದ್ದೇವೆ. ನಿಮ್ಮ ಭಾವ ದಿನಾ ತೆಂಗಿನಕಾಯಿ ಮಂಡಿಗೆ ಹೋಗಿ ಬರುತ್ತಾರೆ. ಎರಡು ವರ್ಷದಿಂದ ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಹಠದಲ್ಲಿ ಇಬ್ಬರೂ ಅವ್ವನ ಮಕ್ಕಳೇ.

ನೀನು ಜಪಾನಿನಿಂದ ತಂದುಕೊಟ್ಟ ಚಾಕುವಿನ ಸಮಾಚಾರ ಹೇಳುತ್ತೇನೆ. ಅಲಗಿನಿಂದ ಹಿಡಿಯವರೆಗೆ ಒಂದೇ ಉಕ್ಕು. ಹಿಡಿ ಸಡಿಲವಾಗಿಲ್ಲ, ತುಕ್ಕು ಹತ್ತಿಲ್ಲ, ಈರುಳ್ಳಿಯನ್ನು ಇವತ್ತಿಗೂ ತೆಳ್ಳಗೆ ಹೆಚ್ಚುತ್ತದೆ. ಆದರೆ ಅದರ ಸೊಕ್ಕೂ ಕಡಿಮೆಯಿಲ್ಲ. ಕೈಗೆ ಎಣ್ಣೆಯೋ ನೀರೋ ತಾಗಿದ್ದರೆ ಮೀನಿನಂತೆ ಜಾರುತ್ತದೆ. ಮಾಗಿಯ ಬೆಳಗ್ಗೆ ಹಿಡಿದರೆ ಬೆರಳುಗಳು ಮರಗಟ್ಟುತ್ತವೆ. ನಿಮ್ಮ ಭಾವ ಅದರಲ್ಲೇ ತೆಂಗಿನ ಚಿಪ್ಪಿಗೆ ಏಟು ಹಾಕಿ ಅಲಗಿನಲ್ಲಿ ಚಕ್ಕೆ ಎಬ್ಬಿಸಿದರು. ಸಾಣೆ ಹಿಡಿಯುವ ಜುಂಜಯ್ಯ ಚಕ್ರಕ್ಕೆ ಒಡ್ಡಿ ನೋಡಿ, "ಇದು ನನ್ನ ಕಲ್ಲಿಗೆ ಬಗ್ಗಲ್ಲ ಕಣವ್ವ, ತಂದೋರ್ನೇ ಕೇಳ್ರಿ" ಎಂದು ಜಗಲಿಯ ಮೇಲಿಟ್ಟು ಹೋದ.

ಅವ್ವ ಈಳಿಗೆಮಣೆಯ ಮೇಲೆ ಕುಳಿತು ಹೆಚ್ಚುತ್ತಿದ್ದುದು ನೆನಪಿದೆಯಾ? ಸೌತೆಕಾಯಿಯಾದರೆ ಮೊದಲ ಹೋಳು ನಿನ್ನ ಬಾಯಿಗೆ, ತೊಟ್ಟಿನ ಕಹಿ ತುಂಡು ನನಗೆ. ಕುಡುಗೋಲಾಗಲಿ ಚಾಕುವಾಗಲಿ ಅವಳು ಯಾರ ಕೈಗೂ ಕೊಡುತ್ತಿರಲಿಲ್ಲ. ನೆಲದ ಮೇಲಿಟ್ಟು, "ಎತ್ಕಳ್ರಿ, ಕೈಯಿಂದ ಕೈಗೆ ಕೊಟ್ರೆ ಜಗಳ ಆಗ್ತೈತೆ" ಎನ್ನುತ್ತಿದ್ದಳು.

ಚಾಕು ಕೊಟ್ಟ ದಿನ ನೀನು ಅದೇ ಮಣೆ ತೋರಿಸಿ, "ಇನ್ನು ಈ ಹಳೇ ಕಬ್ಬಿಣ ಗುಜರಿಗೆ ಹಾಕಕ್ಕ" ಅಂದೆ. "ಅವ್ವನ ನೆನಪ್ನೂ ಅದ್ರ ಜೊತೆಗೇ ಹಾಕ್ಲೇನಪ್ಪ" ಅಂದುಬಿಟ್ಟೆ ನಾನು. ನೀನು ಬಡಿಸಿದ ಮುದ್ದೆ ಮುಟ್ಟದೆ ಸಂಜೆಯ ಬಸ್ಸು ಹತ್ತಿದೆ. ನೀನು ಹಸಿದು ಹೋದದ್ದನ್ನು ನೆನೆದರೆ ಈಗಲೂ ನನಗೆ ತುತ್ತು ಇಳಿಯುವುದಿಲ್ಲ. ಮಣೆಯನ್ನು ನಾನು ಬಿಟ್ಟಿಲ್ಲ, ಚಾಕುವನ್ನೂ ಬಿಟ್ಟಿಲ್ಲ. ಎರಡೂ ಒಂದೇ ಗೂಡಿನಲ್ಲಿವೆ.

ನೀರಿನ ಮೇಲೆ ಜೋಪಾನ. ನಿಮ್ಮ ಭಾವನೂ ನಿನ್ನನ್ನು ಕೇಳಿದ್ದಾರೆ.

ನಿನ್ನ ಅಕ್ಕ,
ಏಕಾಂತಮ್ಮ

ಮರೆತಿದ್ದೆ: ಅವತ್ತು ನೀನು ಆ ಚಾಕುವನ್ನು ನನ್ನ ಕೈಗೇ ಕೊಟ್ಟೆ, ನಾನೂ ಸಂತೋಷದಲ್ಲಿ ತೆಗೆದುಕೊಂಡುಬಿಟ್ಟೆ. ಆಗಿದ್ದು ಅಷ್ಟೇ ಕಣೋ, ನಿನ್ನ ತಪ್ಪೂ ಅಲ್ಲ, ನನ್ನದೂ ಅಲ್ಲ. ರಜೆ ಸಿಕ್ಕ ಕೂಡಲೇ ಬಾ. ಈ ಸಲ ಚಾಕುವನ್ನು ಗೂಡಿನಿಂದ ತೆಗೆದು ನೆಲದ ಮೇಲಿಡು, ನಾನು ಎತ್ತಿಕೊಳ್ಳುತ್ತೇನೆ. ಆಮೇಲೆ ಅವತ್ತು ಬಿಟ್ಟುಹೋದ ಊಟ ಮಾಡುವೆಯಂತೆ.